ಮುಂಬೈ ಲೋಕಲ್ ಹಳಿಗಳ ಸಾಮರ್ಥ್ಯ ಹೆಚ್ಚಿದ್ದು ಹೇಗೆ?

ಹಳಿಯ ಸಾಮರ್ಥ್ಯವೆಂದರೆ ನಿಗದಿತ ಅವಧಿಯಲ್ಲಿ ಅದರ ಮೇಲೆ ಓಡಿಸಬಹುದಾದ ರೈಲುಗಳ ಸಂಖ್ಯೆ. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬಾಂಬೆ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ 1,500 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ ಓಡಿತು. ಇಂಥ ಗಾಡಿ ಉಗಿಬಂಡಿಗಿಂತ ಬೇಗ ವೇಗ ಹಿಡಿಯುತ್ತದೆ; ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಗೋಜೂ ಇಲ್ಲ. ಸ್ವಯಂಚಾಲಿತ ಸಿಗ್ನಲ್ ಸೇರಿದ ಮೇಲೆ ಗಾಡಿಗಳ ನಡುವಿನ ಅಂತರ ಕೆಲವೇ ನಿಮಿಷಗಳಿಗೆ ಇಳಿಯಿತು. ಆಮೇಲೆ ಅಡ್ಡಿಯಾದದ್ದು ವಿದ್ಯುತ್ತೇ! ಕಡಿಮೆ ವೋಲ್ಟೇಜಿಗೆ ಹೆಚ್ಚು ಕರೆಂಟ್ ಬೇಕು, ತಂತಿಯಲ್ಲಿ ನಷ್ಟವೂ ಹೆಚ್ಚು. ಹಾಗಾಗಿ 25,000 ವೋಲ್ಟ್ ಎಸಿಗೆ ಬದಲಾವಣೆ. ಪಶ್ಚಿಮ ರೈಲ್ವೆಯಲ್ಲಿ ಇದು 2012ರಲ್ಲಿ ಮುಗಿಯಿತು. ಗಾಡಿಗಳೂ 9 ಬೋಗಿಯಿಂದ 12ಕ್ಕೆ, ಕೆಲವು 15ಕ್ಕೆ ಉದ್ದವಾದವು. ದೂರದ ರೈಲುಗಳು ಲೋಕಲ್‌ಗಳ ದಾರಿಗೆ ಅಡ್ಡಬರುವ ತೊಡಕಿಗೆ ಮಾತ್ರ ಹೊಸ ಹಳಿಯೇ ಮದ್ದು: ಥಾಣೆ–ದಿವಾ ನಡುವೆ 5 ಮತ್ತು 6ನೆಯ ಹಳಿಗಳು 2022ರಲ್ಲಿ ಬಂದವು.