ಫೈಬರ್‌ಗ್ಲಾಸ್ ತಾರಸಿಯ ಮೇಲ್ಲೇಪನ ದೋಷಗಳು

ಫೈಬರ್‌ಗ್ಲಾಸ್ ತಾರಸಿಯ ಮೇಲ್ಲೇಪನ ಎಂದರೆ ಸಮತಟ್ಟಾದ ತಾರಸಿಯ ಮೇಲೆ ಗಾಜಿನ ನಾರಿನ ಹಾಸು ಮತ್ತು ಪಾಲಿಯೆಸ್ಟರ್ ರಾಳದಿಂದ ರಚಿಸಿದ ಜಲನಿರೋಧಕ ಪದರಕ್ಕೆ ಕೊನೆಯದಾಗಿ ಬಳಿಯುವ, ಬಣ್ಣ ಬೆರೆಸಿದ ರಾಳದ ಲೇಪನ. ನೀರನ್ನು ತಡೆಯುವ ಮುಖ್ಯ ಕೆಲಸ ಕೆಳಗಿನ ನಾರಿನ ಪದರದ್ದು. ಆ ಪದರವನ್ನು ಬಿಸಿಲಿನ ನೇರಳಾತೀತ ಕಿರಣಗಳಿಂದ ಮತ್ತು ಓಡಾಟದ ಸವೆತದಿಂದ ಕಾಪಾಡುವುದು ಮೇಲ್ಲೇಪನದ ಕೆಲಸ. ಮೇಲ್ಲೇಪನ ಕೆಟ್ಟ ಕೂಡಲೇ ತಾರಸಿ ಸೋರುವುದಿಲ್ಲ. ಆದರೆ ದುರಸ್ತಿ ತಡವಾದರೆ ನಾರುಗಳು ಹೊರಬಿದ್ದು ತೇವ ಒಳಸೇರುತ್ತದೆ.

ರಚನೆ ಮತ್ತು ಗಟ್ಟಿಯಾಗುವ ಬಗೆ

ಪಾಲಿಯೆಸ್ಟರ್ ರಾಳವು ಸಾಮಾನ್ಯ ಬಣ್ಣದಂತೆ ಒಣಗುವುದಿಲ್ಲ. ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಈ ಕ್ರಿಯೆಯನ್ನು ಆರಂಭಿಸಲು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ಎಂಬ ದ್ರವವನ್ನು ಬೆರೆಸುತ್ತಾರೆ. ಕೆಲಸಗಾರರು ಇದನ್ನು ಕ್ಯಾಟಲಿಸ್ಟ್ ಅಥವಾ ಹಾರ್ಡನರ್ ಎನ್ನುತ್ತಾರೆ. ಇದರ ಪ್ರಮಾಣ ಬೆಚ್ಚಗಿನ ವಾತಾವರಣದಲ್ಲಿ ಸಾಮಾನ್ಯವಾಗಿ ರಾಳದ ತೂಕದ 1ರಿಂದ 2 ಶೇಕಡಾ. ಉದಾಹರಣೆಗೆ, 5 ಕಿ.ಗ್ರಾಂ ಲೇಪನಕ್ಕೆ 2 ಶೇಕಡಾ ಎಂದರೆ 100 ಗ್ರಾಂ.

ಗಾಳಿಯಲ್ಲಿನ ಆಮ್ಲಜನಕವು ಮೇಲ್ಮೈಯಲ್ಲಿ ಈ ಕ್ರಿಯೆಯನ್ನು ತಡೆಯುತ್ತದೆ. ಆದ್ದರಿಂದ ಮೇಲ್ಲೇಪನದ ರಾಳದಲ್ಲಿ ಸ್ವಲ್ಪ ಮೇಣವನ್ನು ಕರಗಿಸಿರುತ್ತಾರೆ. ರಾಳ ಗಟ್ಟಿಯಾಗುವಾಗ ಮೇಣವು ಮೇಲಕ್ಕೆ ಬಂದು ತೆಳುವಾದ ಪೊರೆಯಾಗಿ ಗಾಳಿಯನ್ನು ದೂರವಿಡುತ್ತದೆ.

ದೋಷಗಳು ಮತ್ತು ಅವುಗಳ ಪತ್ತೆ

- ಅಂಟು ಉಳಿಯುವುದು: ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಸಣ್ಣ ಜಾಗವನ್ನು ಒರೆಸಿದಾಗ ಅಂಟು ಹೋಗಿ ಕೆಳಗೆ ಗಟ್ಟಿ ಪದರ ಸಿಕ್ಕರೆ ಮೇಣದ ಕೊರತೆಯಿದೆ ಅಥವಾ ಡಬ್ಬಿಯಲ್ಲಿ ಬೇರ್ಪಟ್ಟಿದ್ದ ಮೇಣವನ್ನು ಕಲಕದೆ ಬಳಸಲಾಗಿದೆ ಎಂದು ಊಹಿಸಬಹುದು. ಉಗುರು ಒತ್ತಿದರೆ ಆಳದವರೆಗೂ ಮೆತ್ತಗಿದ್ದು, ಬಣ್ಣ ಬಟ್ಟೆಗೆ ಧಾರಾಳವಾಗಿ ಹತ್ತಿದರೆ ಕ್ಯಾಟಲಿಸ್ಟ್ ಕಡಿಮೆಯಾಗಿದೆ ಅಥವಾ ಸರಿಯಾಗಿ ಬೆರೆತಿಲ್ಲ.
- ಬಿರುಕುಗಳು: ಲೇಪನ ದಪ್ಪವಾದಾಗ ಅಥವಾ ಕ್ಯಾಟಲಿಸ್ಟ್ ಹೆಚ್ಚಾದಾಗ ಮೇಲ್ಮೈ ಪೆಡಸಾಗಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಬಿರುಕು ಲೇಪನಕ್ಕೆ ಸೀಮಿತವೇ ಅಥವಾ ನಾರಿನ ಪದರಕ್ಕೂ ಇಳಿದಿದೆಯೇ ಎಂಬುದನ್ನು ಉಜ್ಜಿ ನೋಡಿ ತಿಳಿಯಬೇಕು.
- ಸಿಪ್ಪೆ ಏಳುವುದು: ಕೆಳಪದರದಲ್ಲಿ ತೇವ, ಧೂಳು ಅಥವಾ ಮೇಣವಿದ್ದರೆ ಲೇಪನ ಅಂಟುವುದಿಲ್ಲ. ನಾರಿನ ಪದರವನ್ನು ಹಲವು ದಿನ ಹಾಗೇ ಬಿಟ್ಟು, ಉಜ್ಜದೆ ಮೇಲ್ಲೇಪನ ಬಳಿದಾಗಲೂ ಹೀಗಾಗುತ್ತದೆ.
- ನಾರು ಕಾಣುವುದು ಮತ್ತು ಸೂಜಿರಂಧ್ರಗಳು: ಲೇಪನ ತೀರ ತೆಳುವಾಗಿರುವುದು ಅಥವಾ ಕೆಳಪದರದ ಗಾಳಿಗುಳ್ಳೆಗಳನ್ನು ರೋಲರ್‌ನಿಂದ ಹೊರದೂಡದಿರುವುದು ಕಾರಣ.
- ಬೊಕ್ಕೆಗಳು: ಕಾಂಕ್ರೀಟಿನಲ್ಲಿ ಉಳಿದ ತೇವವು ಬಿಸಿಲಿಗೆ ಆವಿಯಾಗಿ ಪದರವನ್ನು ಮೇಲೆತ್ತುತ್ತದೆ. ಇದು ಮೇಲ್ಲೇಪನದ ದೋಷವಲ್ಲ. ಮೇಲೆ ಮತ್ತೆ ಬಳಿದರೆ ಸರಿಹೋಗದು.

ದುರಸ್ತಿಯ ಕ್ರಮ

ಮೇಣದ ಕೊರತೆಯಿಂದ ಉಳಿದ ಅಂಟನ್ನು ಅಸಿಟೋನ್‌ನಿಂದ ಒರೆಸಿ, ಮೇಲ್ಮೈಯನ್ನು ಉಜ್ಜಿ, ಮೇಣವಿರುವ ತೆಳು ಲೇಪನವನ್ನು ಬಳಿಯಬಹುದು. ಆಳದವರೆಗೂ ಗಟ್ಟಿಯಾಗದ ಲೇಪನದ ಮೇಲೆ ಹೊಸದನ್ನು ಬಳಿದರೆ ಕೆಳಗಿನದು ಗಟ್ಟಿಯಾಗುವುದಿಲ್ಲ. ಅದನ್ನು ಪೂರ್ಣವಾಗಿ ಕೆರೆದು ತೆಗೆಯಬೇಕು.

ಬಿರುಕು ಮತ್ತು ಸಿಪ್ಪೆಯಿರುವಲ್ಲಿ ಸಡಿಲವಾದುದನ್ನೆಲ್ಲ ತೆಗೆದು, ಒರಟು ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜುತ್ತಾರೆ. ಹಳೆಯ ಲೇಪನದ ಮೇಣದ ಪೊರೆ ಉಳಿದರೆ ಹೊಸದು ಅಂಟದಿರುವುದರಿಂದ ಈ ಹಂತವನ್ನು ಬಿಡುವಂತಿಲ್ಲ. ಧೂಳು ತೆಗೆದು ಅಸಿಟೋನ್‌ನಿಂದ ಒರೆಸಿದ ಬಳಿಕ, ನಾರಿನ ಪದರಕ್ಕೂ ಹಾನಿಯಾಗಿದ್ದರೆ ಹಾನಿಯ ಅಂಚಿನಾಚೆಗೂ ಹರಡುವಂತೆ ಹೊಸ ಹಾಸನ್ನು ರಾಳದಲ್ಲಿ ನೆನೆಸಿ ಕೂರಿಸಬೇಕು. ಅದು ಗಟ್ಟಿಯಾದ ಮೇಲೆ ಮೇಲ್ಲೇಪನವನ್ನು ಚದರ ಮೀಟರಿಗೆ ಸುಮಾರು ಅರ್ಧ ಕಿ.ಗ್ರಾಂ ಲೆಕ್ಕದಲ್ಲಿ ಸಮನಾಗಿ ಬಳಿಯುತ್ತಾರೆ.

ಬೊಕ್ಕೆಗಳಿದ್ದಲ್ಲಿ ಪದರವನ್ನು ಕತ್ತರಿಸಿ ಕಾಂಕ್ರೀಟನ್ನು ಒಣಗಲು ಬಿಡಬೇಕು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಮುಚ್ಚುವಂತೆ ಅಂಟಿಸಿ ಒಂದು ದಿನ ಬಿಟ್ಟಾಗ ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟು ಕಪ್ಪಾದರೆ ತೇವ ಇನ್ನೂ ಉಳಿದಿದೆ ಎಂದರ್ಥ.

ಪಶ್ಚಿಮ ಬೆಂಗಳೂರಿನ ಸಂದರ್ಭ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಯ ಮನೆಗಳಲ್ಲಿ ಕಾಂಕ್ರೀಟಿನ ಸಮತಟ್ಟು ತಾರಸಿಗಳೇ ಹೆಚ್ಚು. ಬಟ್ಟೆ ಒಣಹಾಕುವುದು, ನೀರಿನ ಟ್ಯಾಂಕು, ಸೋಲಾರ್ ಹೀಟರ್ ಮುಂತಾದ ಬಳಕೆಯಿಂದ ಲೇಪನಕ್ಕೆ ಸವೆತವೂ ಹೆಚ್ಚು. ಟ್ಯಾಂಕಿನ ಕಟ್ಟೆಯ ಬುಡ, ಪ್ಯಾರಾಪೆಟ್ ಗೋಡೆಯ ಮೂಲೆ ಮತ್ತು ಮಳೆನೀರಿನ ಕೊಳವೆಯ ಬಾಯಿಯನ್ನು ಮೊದಲು ಪರಿಶೀಲಿಸುವುದು ಒಳಿತು.

ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳು. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಯು ಹಸಿ ಲೇಪನವನ್ನು ಕೆಡಿಸಬಲ್ಲದು. ಆ ಕಾಲದ ಬಿಸಿಲಿಗೆ ಕಾದ ತಾರಸಿಯಲ್ಲಿ ರಾಳ ಬೇಗ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಮತ್ತು ಜನವರಿಯ ಮುಂಜಾನೆ ಇಬ್ಬನಿಯಿಂದ ಮೇಲ್ಮೈ ಒದ್ದೆಯಾಗಿರುತ್ತದೆ. ಆದ್ದರಿಂದ ಮಳೆಯಿಲ್ಲದ ದಿನ, ಇಬ್ಬನಿ ಆರಿದ ನಂತರ ಮತ್ತು ಬಿಸಿಲು ಏರುವ ಮೊದಲು ಕೆಲಸ ಮಾಡುವುದು ಸೂಕ್ತ.

ಬೆಂಗಳೂರು ಜಲಮಂಡಳಿಯ ಕಾಯಿದೆಗೆ 2009ರಲ್ಲಿ ತಂದ ತಿದ್ದುಪಡಿಯು ನಿಗದಿತ ಅಳತೆಯ ನಿವೇಶನಗಳ ಕಟ್ಟಡಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿತು. ಗಟ್ಟಿಯಾಗದ ಲೇಪನದಿಂದ ಸ್ಟೈರೀನ್ ಮತ್ತು ಉದುರಿದ ಗಾಜಿನ ನಾರು ನೀರಿನೊಡನೆ ಸಂಪಿಗೆ ಸೇರಬಹುದು. ದುರಸ್ತಿ ಮುಗಿದು ಲೇಪನ ಪೂರ್ಣ ಗಟ್ಟಿಯಾಗುವವರೆಗೆ ತಾರಸಿಯ ನೀರನ್ನು ಸಂಗ್ರಹಕ್ಕೆ ಬಿಡದೆ ಹೊರಹರಿಸಬೇಕು.

ಸುರಕ್ಷತೆ

ಕ್ಯಾಟಲಿಸ್ಟ್ ಕಣ್ಣಿಗೆ ಬಿದ್ದರೆ ಶಾಶ್ವತ ಹಾನಿಯಾಗಬಹುದು. ತಕ್ಷಣ ಕನಿಷ್ಠ 15 ನಿಮಿಷ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು. ಕ್ಯಾಟಲಿಸ್ಟನ್ನು ಕೋಬಾಲ್ಟ್ ಆಕ್ಸಿಲರೇಟರ್‌ನೊಂದಿಗೆ ನೇರವಾಗಿ ಬೆರೆಸಿದರೆ ಸ್ಫೋಟ ಸಂಭವಿಸಬಹುದು. ಸ್ಟೈರೀನ್ ಮತ್ತು ಅಸಿಟೋನ್ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಬೀಡಿ, ಸಿಗರೇಟು, ವೆಲ್ಡಿಂಗ್ ಕಿಡಿಗಳನ್ನು ದೂರವಿಡಬೇಕು. ಉಜ್ಜುವಾಗ ಏಳುವ ಗಾಜಿನ ಧೂಳಿನಿಂದ ರಕ್ಷಣೆಗೆ ಮುಖಗವಸು, ಕನ್ನಡಕ ಮತ್ತು ಕೈಗವಸು ಅಗತ್ಯ.