ಕೂಗಿದರೆ ಬರುವ ಬೊಂಬೆ

ಅಮೆರಿಕದಲ್ಲಿ 1920ರ ದಶಕದಲ್ಲಿ ‘ರೇಡಿಯೋ ರೆಕ್ಸ್’ ಎಂಬ ಬೊಂಬೆನಾಯಿ ಮಾರಾಟಕ್ಕೆ ಬಂದಿತ್ತು. ಹೆಸರಿನಲ್ಲಿ ರೇಡಿಯೋ ಇದ್ದರೂ ಬಾನುಲಿಗೂ ಅದಕ್ಕೂ ನಂಟಿಲ್ಲ. ಸೆಲ್ಯುಲಾಯಿಡ್ಡಿನ ಈ ನಾಯಿ ತನ್ನ ಗೂಡಿನಲ್ಲಿ ಅಡಗಿರುವುದು. ‘ರೆಕ್ಸ್’ ಎಂದು ಕೂಗಿದೊಡನೆ ಹೊರಕ್ಕೆ ಚಿಮ್ಮುವುದು.

ನಾಯಿಯನ್ನು ಮುಂದಕ್ಕೆ ತಳ್ಳಲು ಒಂದು ಸ್ಪ್ರಿಂಗ್. ಅದನ್ನು ತಡೆದು ಹಿಡಿಯಲು ಒಂದು ವಿದ್ಯುದಯಸ್ಕಾಂತ. ವಿದ್ಯುತ್ತು ಹರಿಯುವ ದಾರಿಯಲ್ಲಿ ಲೋಹದ ಸಣ್ಣ ಸೇತುವೆ. ಸೆಕೆಂಡಿಗೆ ಸುಮಾರು 500 ಸಲ ಕಂಪಿಸುವ ಧ್ವನಿ ತಾಗಿತೆಂದರೆ ಸೇತುವೆ ಅದುರಿ, ವಿದ್ಯುತ್ತು ಕಡಿದು, ನಾಯಿಗೆ ಬಿಡುಗಡೆ.

ವ್ಯಾಕರಣ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವಿದೆ. ರಕಾರ, ಕಕಾರ, ಸಕಾರಗಳು ಈ ನಾಯಿಗೆ ಲೆಕ್ಕಕ್ಕಿಲ್ಲ. ಬೇಕಾದದ್ದು ನಡುವಣ ಎಕಾರವೊಂದೇ. ಗಂಡಸರು ಎಕಾರವನ್ನು ಉಚ್ಚರಿಸುವಾಗ ಬಾಯ ಕುಹರದಲ್ಲಿ ಏಳುವ ಮೊದಲ ಅನುರಣನ 500ರ ಆಸುಪಾಸಿನದು. ‘ಬೆಕ್ಕು’ ಎಂದು ಕರೆದರೂ ನಾಯಿಯೇ ಬಂದೀತು!

ತೊಡಕು ಇರುವುದು ಬೇರೆಡೆ. ಮಗುವಿನ ಗಂಟಲು, ಬಾಯಿ ಚಿಕ್ಕವಾದ್ದರಿಂದ ಅದೇ ಎಕಾರದ ಅನುರಣನ ಇನ್ನೂ ಮೇಲಕ್ಕೇರುತ್ತದೆ. ತಂದೆಯ ಕೂಗಿಗೆ ಜಿಗಿಯುವ ನಾಯಿ, ಯಾರಿಗಾಗಿ ಕೊಂಡು ತಂದರೋ ಆ ಮಗು ಕೂಗಿದರೆ ಅಲುಗದೆ ಕುಳಿತೀತು. ಇಂದಿನ ಗಣಕಯಂತ್ರಗಳೂ ಬಹುಮಟ್ಟಿಗೆ ದೊಡ್ಡವರ ಮಾತನ್ನೇ ಕೇಳಿ ಕಲಿತವು. ಮಕ್ಕಳ ಮಾತಿನಲ್ಲಿ ಹೆಚ್ಚು ತಪ್ಪುತ್ತವೆ.

ಆದಕಾರಣ ಮಾತು ಕೇಳುವ ಬೊಂಬೆಯನ್ನು ಮಾಡಹೊರಟವರು ಮೊದಲು ಮಕ್ಕಳ ತೊದಲಿಗೇ ಕಿವಿಗೊಡಬೇಕು. ಪ, ಬ, ಮಗಳು ಬೇಗ ನಾಲಗೆಗೆ ಒಗ್ಗುತ್ತವೆ; ರಕಾರ ತಡ. ಬೊಂಬೆಯ ಹೆಸರನ್ನೂ ಹಾಗೆಯೇ ಆರಿಸಬೇಕು. ‘ಅಮ್ಮ’ ಎಂಬುದೊಂದು ಬೇಡ. ದಿನಕ್ಕೆ ನೂರು ಸಲ ಬೊಂಬೆ ಓಗೊಡುತ್ತಿದ್ದೀತು.