ಶಾಹದರಾದ ಗೋಡೆಯಿಂದ ಓಪಿಡಿಯ ಕುರ್ಚಿಗೆ

ದೆಹಲಿಯ ಶಾಹದರಾದಲ್ಲಿ 1966ರಲ್ಲಿ ಮಾನಸಿಕ ರೋಗಗಳ ಆಸ್ಪತ್ರೆ ಶುರುವಾಯಿತು. ಅಲ್ಲಿನ ರೋಗಿಗಳ ಪಾಡು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೋರ್ಟಿನ ನಿರ್ದೇಶನದ ಫಲವಾಗಿ 1993ರಲ್ಲಿ ಅದೇ ಆಸ್ಪತ್ರೆ ‘ಇಹಬಾಸ್’ ಸಂಸ್ಥೆಯಾಯಿತು.

ಒಂದು ಆಸ್ಪತ್ರೆಯೇನೋ ಬದಲಾಯಿತು. ಉಳಿದವುಗಳ ಗತಿ ಏನು? ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಇದನ್ನು ಪರಿಶೀಲಿಸುವ ಹೊಣೆಯನ್ನು ಬೆಂಗಳೂರಿನ ನಿಮ್ಹಾನ್ಸ್ ತಜ್ಞರಿಗೆ ಒಪ್ಪಿಸಿತು. ಡಾ. ಎಸ್.ಎಂ. ಚನ್ನಬಸವಣ್ಣ ಮುಂದಾಳು, ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ಬರೆದು ಮನೆಮಾತಾದ ಡಾ. ಸಿ.ಆರ್. ಚಂದ್ರಶೇಖರ್ ಕೂಡ ತಂಡದಲ್ಲಿದ್ದರು. 37 ಸರ್ಕಾರಿ ಆಸ್ಪತ್ರೆಗಳನ್ನು ನೋಡಿ ಬರೆದ ಆ ವರದಿ 1999ರಲ್ಲಿ ಬಂತು. ಶೇ 38ರಷ್ಟು ಆಸ್ಪತ್ರೆಗಳು ಇನ್ನೂ ಜೈಲಿನ ರೂಪದಲ್ಲೇ ಇದ್ದವು. ಗುಣಮಟ್ಟವೆಂದರೆ ಕಟ್ಟಡವಷ್ಟೇ ಅಲ್ಲ, ರೋಗಿಯ ಮಾನವೂ ಹೌದು ಎಂಬ ಮಾತಿಗೆ ದಾಖಲೆಯ ಬಲ ಸಿಕ್ಕಿದ್ದು ಆಗ. ಕನ್ನಡಿಗರು ಹೆಮ್ಮೆಪಡಬೇಕಾದ ಕೆಲಸವಿದು.

ಆದರೂ ಕಣ್ಣೆಲ್ಲ ವಾರ್ಡಿನ ಮೇಲೇ ನೆಟ್ಟಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕನಿಷ್ಠ ಗುಣಮಟ್ಟ, ನೋಂದಣಿ ಎಂದೆಲ್ಲ ಹೇಳುವುದು ರೋಗಿಯನ್ನು ದಾಖಲಿಸಿಕೊಳ್ಳುವ ಸಂಸ್ಥೆಗಳಿಗೆ. ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಒಂದು ಮೇಜು, ಎರಡು ಕುರ್ಚಿ ಇಟ್ಟುಕೊಂಡು ಹೊರರೋಗಿಗಳನ್ನಷ್ಟೇ ನೋಡುವ ಕ್ಲಿನಿಕ್ ಈ ಕಾಯ್ದೆಯ ನೋಂದಣಿಗೆ ಒಳಪಡುವುದಿಲ್ಲ. ಎಷ್ಟೋ ಜನ ಮೊದಲು ಹೋಗುವುದು ಇಂಥ ಕಡೆಗೇ. ಇದು ಸಣ್ಣ ಲೋಪವಲ್ಲ.

ಓಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ, ಔಷಧ ಚೀಟಿಯಲ್ಲಿ ಅಡಗಿರುತ್ತದೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಎಷ್ಟೋ ಜನರ ಬದುಕನ್ನು ಹಳಿಗೆ ತಂದಿದೆ. ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಏರಿದರೂ ಅದೇ ವಿಷ. ಆದ್ದರಿಂದ ಅದರ ಮಟ್ಟ, ಮೂತ್ರಪಿಂಡ, ಥೈರಾಯ್ಡ್ ಮೂರನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಸ್ಕಿಜೋಫ್ರೇನಿಯಾದ ಔಷಧ ಕ್ಲೋಜಪಿನ್ ಕೊಟ್ಟರೆ ಮೊದಲ 18 ವಾರ, ವಾರವಾರವೂ ಬಿಳಿ ರಕ್ತಕಣಗಳ ಎಣಿಕೆ ಆಗಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ವೈದ್ಯರು ಬಾಯಿಬಿಟ್ಟು ಕೇಳಬೇಕು. ಕೇಳುವಾಗ ಬಾಗಿಲು ಮುಚ್ಚಿರಬೇಕು. ಮುಂದಿನ ಭೇಟಿಗೆ ಬಾರದವರಿಗೆ ಒಂದು ಫೋನ್ ಹೋಗಬೇಕು. ನನ್ನ ಮಟ್ಟಿಗೆ ಕ್ಲಿನಿಕ್ಕಿನ ಗುಣಮಟ್ಟವೆಂದರೆ ಇವೇ. ಹವಾನಿಯಂತ್ರಿತ ಕೋಣೆ ಆಮೇಲಿನ ಮಾತು.

ನೋಂದಣಿ ಇರಲಿ, ಬಿಡಲಿ, ರೋಗಿಯ ಹಕ್ಕು ಎಲ್ಲಿಗೂ ಹೋಗಿಲ್ಲ. 2017ರ ಅದೇ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕನ್ನೂ 25ನೇ ಸೆಕ್ಷನ್ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನೂ ಕೊಟ್ಟಿವೆ. ನಿಮ್ಮ ಮನೆಯವರು ಯಾರಾದರೂ ಲಿಥಿಯಂ, ಕ್ಲೋಜಪಿನ್‌ನಂಥ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ ವೈದ್ಯರನ್ನು ಕೇಳಿ: ರಕ್ತಪರೀಕ್ಷೆ ಯಾವಾಗ?